ಆಟಗಾರ ಯಾರ ಸ್ವತ್ತು?

(ಓದುಗರ ಬಳಗವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕ್ರೀಡೆಯನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಆರಿಸಿಕೊಂಡಿರುವುದು ಮಾತ್ರ ಆಟ ನಡೆಯದೆ ಇರುವ ಕಾಲದ ಕಥೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರ ಪಂದ್ಯಗಳು ಅಕ್ಟೋಬರ್‌ನಲ್ಲಿ ಶುರುವಾಗಿ ಜೂನ್‌ನಲ್ಲಿ ಮುಗಿಯುತ್ತವೆ. ಒಂದೊಂದು ತಂಡವೂ 82 ಪಂದ್ಯಗಳನ್ನಾಡಿ, ಆಮೇಲೆ ಅಂತಿಮ ಹಂತದ ಸರಣಿಗಳು ನಡೆದು, ಯಾವುದೋ ಒಂದು ತಂಡ ಪ್ರಶಸ್ತಿ ಎತ್ತಿಕೊಂಡ ಮೇಲೆ ಮೂರು ತಿಂಗಳಿಗೂ ಮಿಕ್ಕಿ ಅಂಗಳಗಳು ಖಾಲಿ ಬೀಳುತ್ತವೆ. ಅಭಿಮಾನಿಗಳಿಗೂ ಆಗ ಬಿಡುವು ಎಂದು ನಾವು ತಿಳಿಯಬಹುದು. ಹಾಗಾಗುವುದಿಲ್ಲ. ನಿಜವಾದ ಗದ್ದಲ ಆರಂಭವಾಗುವುದೇ ಆಗ.

ಕಚೇರಿಯ ಊಟದ ಹೊತ್ತಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ರೇಡಿಯೊ ಕಾರ್ಯಕ್ರಮಗಳಿಗೆ ಫೋನ್ ಮಾಡಿ ಅಭಿಮಾನಿಗಳು ವಾದಕ್ಕಿಳಿಯುತ್ತಾರೆ. ಇವನನ್ನು ಕೊಟ್ಟು ಅವನನ್ನು ತರಬೇಕು ಎನ್ನುತ್ತಾನೆ ಒಬ್ಬ. ಅವನ ಕರಾರಿಗೆ ಇನ್ನೊಂದೇ ವರ್ಷ ಉಳಿದಿದೆ, ಈಗಲೇ ಕೈಬಿಟ್ಟರೆ ಬದಲಿಗೆ ಏನಾದರೂ ಗಿಟ್ಟೀತು ಎನ್ನುತ್ತಾನೆ ಇನ್ನೊಬ್ಬ. ಮೂವತ್ತು ದಾಟಿದವನಿಗೆ ನಾಲ್ಕು ವರ್ಷದ ಕರಾರು ಕೊಡುವುದು ಮೂರ್ಖತನ ಎಂಬುದು ಮೂರನೆಯವನ ತೀರ್ಮಾನ. ಈ ಮಾತುಗಳಲ್ಲಿ ಚೆಂಡು ಬುಟ್ಟಿಗೆ ಬೀಳುವ ಸಂಗತಿ ಕಡಿಮೆ. ಕರಾರು, ಸಂಬಳ, ವರ್ಷ, ಮಿತಿ, ತೆರಿಗೆ ಎಂಬ ಪದಗಳೇ ಹೆಚ್ಚು. ಕೇಳುವವರಿಗೆ ಇವರು ಕ್ರೀಡಾಭಿಮಾನಿಗಳೋ ಲೆಕ್ಕಪರಿಶೋಧಕರೋ ಎಂದು ಅನುಮಾನ ಬರಬೇಕು.

ಈ ವಾದದ ಒಂದೊಂದು ಪದದ ಹಿಂದೆಯೂ ಒಂದೊಂದು ಜಗಳದ ಚರಿತ್ರೆ ಇದೆ. ಆ ಜಗಳಗಳಲ್ಲಿ ಕೆಲವು ನ್ಯಾಯಾಲಯದ ಮೆಟ್ಟಿಲೇರಿದವು. ಅವೆಲ್ಲದರ ಬುಡದಲ್ಲಿರುವುದು ಒಂದೇ ಪ್ರಶ್ನೆ: ಆಟಗಾರ ಯಾರ ಸ್ವತ್ತು? ಈ ಪ್ರಶ್ನೆಗೆ ಆಟಗಾರರು ಕೊಡಿಸಿದ ಉತ್ತರವನ್ನು ಅಭಿಮಾನಿಗಳು ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ ಎನ್ನುವುದು ನನ್ನ ಇವತ್ತಿನ ಮಾತಿನ ಸಾರ.

ಮೂರು ಬಾಗಿಲುಗಳು

ಮೊದಲು ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಎನ್‌ಬಿಎಯಲ್ಲಿ ಈಗ 30 ತಂಡಗಳಿವೆ. ಒಂದು ತಂಡಕ್ಕೆ ಆಟಗಾರ ಬಂದು ಸೇರಲು ಮುಖ್ಯವಾಗಿ ಮೂರು ಬಾಗಿಲುಗಳು. ಮೊದಲನೆಯದು ಡ್ರಾಫ್ಟ್. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮುಂದಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಚೀಟಿ ಎತ್ತುವ ಪದ್ಧತಿ 1985ರಿಂದ ಇದೆ. ಹುಡುಗನಿಗೆ ತನ್ನ ಮೊದಲ ತಂಡವನ್ನು ತಾನೇ ಆರಿಸಿಕೊಳ್ಳುವ ಹಕ್ಕಿಲ್ಲ.

ಎರಡನೆಯದು ಟ್ರೇಡ್, ಅಂದರೆ ಅದಲು ಬದಲು. ಯುರೋಪಿನ ಫುಟ್‌ಬಾಲ್‌ನಲ್ಲಿ ಒಂದು ಕ್ಲಬ್ ಇನ್ನೊಂದಕ್ಕೆ ಹಣ ತೆತ್ತು ಆಟಗಾರನನ್ನು ಕರೆತರುತ್ತದೆ. ಇಲ್ಲಿ ಆಟಗಾರನಿಗೆ ಬದಲಾಗಿ ಆಟಗಾರ, ಇಲ್ಲವೆ ಮುಂದಿನ ವರ್ಷಗಳ ಡ್ರಾಫ್ಟ್ ಸರದಿ. ಕರಾರು ಹಾಗೆಯೇ ಉಳಿಯುತ್ತದೆ, ಊರು ಬದಲಾಗುತ್ತದೆ. ನಮ್ಮ ಸರಕಾರಿ ನೌಕರನ ಕೈಗೆ ವರ್ಗಾವಣೆ ಆದೇಶ ಬಂದ ಹಾಗೆ. ಕರಾರಿನಲ್ಲಿ ವಿಶೇಷ ರಕ್ಷಣೆ ಬರೆಸಿಕೊಂಡ ಕೆಲವೇ ಕೆಲವರನ್ನು ಬಿಟ್ಟರೆ ಉಳಿದವರ ಒಪ್ಪಿಗೆಯನ್ನು ಯಾರೂ ಕೇಳಬೇಕಾಗಿಲ್ಲ.

ಮೂರನೆಯದು ಫ್ರೀ ಏಜೆನ್ಸಿ. ಕರಾರು ಮುಗಿದ ಆಟಗಾರ ಸ್ವತಂತ್ರ; ಕರೆದವರಲ್ಲಿ ತನಗೆ ಬೇಕಾದವರ ಬಳಿಗೆ ಹೋಗಬಹುದು. ಜೂನ್ ಕೊನೆಯ ದಿನದ ಸಂಜೆ ಈ ಮಾತುಕತೆಯ ಬಾಗಿಲು ತೆರೆಯುತ್ತದೆ. ಅಭಿಮಾನಿಗಳು ರಾತ್ರಿಯೆಲ್ಲ ಎಚ್ಚರವಿರುವುದು ಆ ದಿನ. ಈ ಮೂರರಲ್ಲಿ ಆಟಗಾರ ತಾನೇ ಒಳಗಿನಿಂದ ತೆರೆಯಬಲ್ಲ ಬಾಗಿಲು ಈ ಕೊನೆಯದೊಂದೇ. ಅದನ್ನು ಯಾರೂ ಸುಮ್ಮನೆ ತೆರೆದುಕೊಡಲಿಲ್ಲ.

ಬಿಡುಗಡೆಯಿಲ್ಲದ ಕರಾರು

ಹಳೆಯ ಅಭಿಮಾನಿಗಳನ್ನು ಕೇಳಿದರೆ, ಅದಲು ಬದಲಿನ ಚರಿತ್ರೆಯಲ್ಲೇ ಅತ್ಯುತ್ತಮವಾದದ್ದು 1956ರಲ್ಲಿ ನಡೆಯಿತು ಎನ್ನುತ್ತಾರೆ. ಆ ವರ್ಷ ಡ್ರಾಫ್ಟ್‌ನ ಎರಡನೆಯ ಸರದಿ ಸೇಂಟ್ ಲೂಯಿಸ್ ತಂಡದ್ದಾಗಿತ್ತು. ಬಾಸ್ಟನ್ ತಂಡ ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಎಂಬ ಇಬ್ಬರನ್ನು ಕೊಟ್ಟು ಆ ಸರದಿಯಲ್ಲಿ ಬಂದ ಬಿಲ್ ರಸಲ್‌ನನ್ನು ಪಡೆಯಿತು. ಸೇಂಟ್ ಲೂಯಿಸ್‌ಗೂ ತೀರ ನಷ್ಟವಾಗಲಿಲ್ಲ. 1958ರಲ್ಲಿ ಅದು ಪ್ರಶಸ್ತಿ ಗೆದ್ದಿತು. ಆದರೆ ರಸಲ್ 13 ವರ್ಷಗಳಲ್ಲಿ ಬಾಸ್ಟನ್‌ಗೆ 11 ಪ್ರಶಸ್ತಿ ತಂದುಕೊಟ್ಟ. ಈ ಕಥೆ ಹೇಳುವಾಗ ಬಾಸ್ಟನ್ನಿನ ಜಾಣತನವನ್ನು ಎಲ್ಲರೂ ಕೊಂಡಾಡುತ್ತಾರೆ. ಆ ದಿನಗಳಲ್ಲಿ ರಸಲ್‌ನಂಥವನಿಗೆ ಬೇರೆ ದಾರಿ ಇತ್ತೇ ಎಂದು ಕೇಳುವವರು ಅಪರೂಪ.

ಇರಲಿಲ್ಲ. ಆಗಿನ ಕರಾರಿನಲ್ಲಿ ಒಂದು ಷರತ್ತಿತ್ತು. ಅವಧಿ ಮುಗಿದ ಮೇಲೆ ಆಟಗಾರ ಹೊಸ ಕರಾರಿಗೆ ಸಹಿ ಹಾಕದಿದ್ದರೆ ತಂಡವೇ ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬಹುದಿತ್ತು. ಆ ವರ್ಷ ಮುಗಿದರೆ ಮತ್ತೊಂದು ವರ್ಷ. ಬೇರೆ ಯಾವ ತಂಡವೂ ಅವನನ್ನು ಮಾತನಾಡಿಸುತ್ತಿರಲಿಲ್ಲ. ಒಂದು ಪೇಟೆಯ ಅಂಗಡಿಯವರೆಲ್ಲ ಕೂಡಿ, ಒಬ್ಬರ ಅಂಗಡಿಯ ಗುಮಾಸ್ತನನ್ನು ಇನ್ನೊಬ್ಬರು ಕೆಲಸಕ್ಕೆ ಕರೆಯಬಾರದು ಎಂದು ಒಳಗೊಳಗೇ ಮಾತಾಡಿಕೊಂಡರೆ ಹೇಗಿರುತ್ತದೆಯೋ ಹಾಗೆ. ಗುಮಾಸ್ತ ಸಂಬಳ ಹೆಚ್ಚಿಸಿ ಎಂದು ಯಾವ ಧೈರ್ಯದ ಮೇಲೆ ಕೇಳಿಯಾನು?

ಮೊದಲ ಸೆಟೆತ 1964ರ ಜನವರಿಯಲ್ಲಿ, ಬಾಸ್ಟನ್ನಿನಲ್ಲಿ. ಆ ವರ್ಷದ ಶ್ರೇಷ್ಠ ಆಟಗಾರರೆಲ್ಲ ಸೇರುವ ಆಲ್‌ಸ್ಟಾರ್ ಪಂದ್ಯದ ದಿನ. ದೂರದರ್ಶನದವರು ದೇಶಕ್ಕೆಲ್ಲ ತೋರಿಸಲು ಸಿದ್ಧರಾಗಿದ್ದರು. ನಿವೃತ್ತಿ ವೇತನದ ಬಗ್ಗೆ ವರ್ಷಗಳಿಂದ ಬರಿಯ ಆಶ್ವಾಸನೆ ಕೇಳಿ ಬೇಸತ್ತಿದ್ದ ಆಟಗಾರರು, ಇವತ್ತು ಖಚಿತ ಉತ್ತರ ಸಿಗದಿದ್ದರೆ ಅಂಗಳಕ್ಕಿಳಿಯುವುದಿಲ್ಲ ಎಂದು ಉಡುಪು ಬದಲಾಯಿಸುವ ಕೋಣೆಯಲ್ಲೇ ಕುಳಿತುಬಿಟ್ಟರು. ಟಾಮ್ ಹೈನ್ಸನ್ ಆಗ ಅವರ ಸಂಘದ ಅಧ್ಯಕ್ಷ. ಒಳಗೆ ತಾರಾ ಆಟಗಾರರು, ಹೊರಗೆ ತುಂಬಿದ ಸಭಾಂಗಣ, ಪ್ರಸಾರ ರದ್ದಾದೀತು ಎಂಬ ಬೆದರಿಕೆ. ಕೊನೆಗೆ ಲೀಗ್‌ನ ಮುಖ್ಯಸ್ಥ ವಾಲ್ಟರ್ ಕೆನಡಿ ಮಾತು ಕೊಟ್ಟ ಮೇಲೆ ತಡವಾಗಿ ಆಟ ಶುರುವಾಯಿತು. ಆ ದಿನದ ಶ್ರೇಷ್ಠ ಆಟಗಾರನೆಂಬ ಗೌರವ ಪಡೆದವನು ಆಸ್ಕರ್ ರಾಬರ್ಟ್‌ಸನ್. ಮರುವರ್ಷ ಸಂಘದ ಅಧ್ಯಕ್ಷ ಪದವಿಗೆ ಬಂದವನೂ ಅವನೇ.

ರಾಬರ್ಟ್‌ಸನ್ ಮೊಕದ್ದಮೆ

ರಾಬರ್ಟ್‌ಸನ್ ಬೆಳೆದದ್ದು ಇಂಡಿಯಾನಾಪೊಲಿಸ್ ನಗರದಲ್ಲಿ. ಕಪ್ಪು ಜನರ ಮಕ್ಕಳಿಗಾಗಿಯೇ ಬೇರೆ ಮಾಡಿಟ್ಟಿದ್ದ ಶಾಲೆಯೊಂದರಲ್ಲಿ ಓದಿ, 1955 ಮತ್ತು 1956ರಲ್ಲಿ ಆ ಶಾಲೆಗೆ ರಾಜ್ಯ ಪ್ರಶಸ್ತಿ ಗೆಲ್ಲಿಸಿಕೊಟ್ಟವನು. ಸಿನ್ಸಿನಾಟಿಯ ವಿಶ್ವವಿದ್ಯಾಲಯದಲ್ಲಿ ಆಡಿದ್ದರಿಂದ, ಆಗಿದ್ದ ನಿಯಮದ ಪ್ರಕಾರ ಅದೇ ಊರಿನ ವೃತ್ತಿಪರ ತಂಡ 1960ರಲ್ಲಿ ಅವನ ಮೇಲೆ ಹಕ್ಕು ಸಾಧಿಸಿತು. ಹತ್ತು ವರ್ಷ ಅಲ್ಲಿ ದುಡಿದ. 1970ರ ಏಪ್ರಿಲ್‌ನಲ್ಲಿ ಅವನನ್ನು ಮಿಲ್ವಾಕಿ ತಂಡಕ್ಕೆ ಕೊಡಲಾಯಿತು.

ಅದೇ ತಿಂಗಳು ಅವನ ಹೆಸರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ದಾಖಲಾಯಿತು. ಆಗ ಇದ್ದದ್ದು 14 ತಂಡಗಳು. ತಂಡಕ್ಕೊಬ್ಬರಂತೆ 14 ಮಂದಿ ಸಹಿ ಹಾಕಿದ್ದರು. 1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿಕೊಂಡು ಆಟಗಾರರ ಸಂಬಳ ಏರತೊಡಗಿತ್ತು. ಪೈಪೋಟಿಯನ್ನು ತಪ್ಪಿಸಲು ಎರಡೂ ಲೀಗ್‌ಗಳು ಒಂದಾಗಲು ಹೊರಟಿದ್ದವು. ಒಂದಾಗಕೂಡದು, ಆಟಗಾರನನ್ನು ಆಜೀವ ಕಟ್ಟಿಹಾಕುವ ಷರತ್ತು, ಡ್ರಾಫ್ಟ್, ಬೇರೆ ತಂಡಕ್ಕೆ ಹೋದವನಿಗೆ ಬದಲಾಗಿ ಪರಿಹಾರ ಕೊಡಬೇಕೆಂಬ ನಿಯಮ, ಇವೆಲ್ಲ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದು ಆಟಗಾರರು ವಾದಿಸಿದರು.

ಇದೇ ಹೊತ್ತಿಗೆ ಬೇಸ್‌ಬಾಲ್‌ನಲ್ಲೂ ಇಂಥದೇ ಹೋರಾಟ ನಡೆದಿತ್ತು. ಕರ್ಟ್ ಫ್ಲಡ್ ಎಂಬ ಆಟಗಾರನನ್ನು 1969ರಲ್ಲಿ ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಕ್ಕೆ ಕೊಟ್ಟಾಗ, ತನ್ನನ್ನು ಕೊಂಡು ಮಾರುವ ವಸ್ತುವಿನಂತೆ ಕಾಣಬಾರದು ಎಂದು ಅವನು ಹೋಗಲು ನಿರಾಕರಿಸಿದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ. ಬೇಸ್‌ಬಾಲ್‌ಗೆ ಹಳೆಯ ತೀರ್ಪೊಂದರ ರಕ್ಷಣೆ ಇತ್ತು. ಬ್ಯಾಸ್ಕೆಟ್‌ಬಾಲ್‌ಗೆ ಆ ರಕ್ಷಣೆ ಇರಲಿಲ್ಲ. ಅದು ಗೊತ್ತಾದದ್ದು 1971ರಲ್ಲಿ, ಸ್ಪೆನ್ಸರ್ ಹೇವುಡ್‌ನ ಪ್ರಕರಣದಲ್ಲಿ. ಮಿಸಿಸಿಪ್ಪಿಯ ಹತ್ತಿಹೊಲಗಳಲ್ಲಿ ಬಾಲ್ಯ ಕಳೆದ ಹೇವುಡ್ 1968ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ. ಪ್ರೌಢಶಾಲೆ ಮುಗಿಸಿ ನಾಲ್ಕು ವರ್ಷವಾಗುವ ತನಕ ಯಾರೂ ಎನ್‌ಬಿಎಯಲ್ಲಿ ಆಡಕೂಡದೆಂಬ ನಿಯಮವನ್ನು ಲೆಕ್ಕಿಸದೆ ಸಿಯಾಟಲ್ ತಂಡ ಅವನಿಗೆ ಕರಾರು ಕೊಟ್ಟಿತು. ಲೀಗ್ ತಡೆಯಿತು. ಸುಪ್ರೀಂ ಕೋರ್ಟ್ ಹೇವುಡ್‌ನ ಕಡೆ ನಿಂತಿತು. ಸಿಯಾಟಲ್‌ನ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ರಾಬರ್ಟ್‌ಸನ್ ಮೊಕದ್ದಮೆ ಆರು ವರ್ಷ ಎಳೆಯಿತು. ಅದು ಬಂದು ನಿಂತದ್ದು ರಾಬರ್ಟ್ ಕಾರ್ಟರ್ ಎಂಬ ನ್ಯಾಯಾಧೀಶರ ಮುಂದೆ. ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಾರಿದ 1954ರ ಐತಿಹಾಸಿಕ ತೀರ್ಪಿಗಾಗಿ ದುಡಿದ ವಕೀಲರಲ್ಲಿ ಅವರೂ ಒಬ್ಬರು. ಬೇರ್ಪಡಿಸಿದ ಶಾಲೆಯಲ್ಲಿ ಓದಿದ ಆಟಗಾರನ ದಾವೆ ಅವರ ಮುಂದೆ ಬಂತು. 1975ರಲ್ಲಿ ಅವರು ಲೀಗ್‌ನ ಆಕ್ಷೇಪಣೆಗಳನ್ನು ಬದಿಗೆ ಸರಿಸಿ, ವಿಚಾರಣೆ ನಡೆದರೆ ಮಾಲೀಕರ ಸ್ಥಿತಿ ಏನಾದೀತು ಎಂಬುದರ ಸೂಚನೆ ಕೊಟ್ಟರು. ಮಾಲೀಕರು ರಾಜಿಗೆ ಬಂದರು. 1976ರಲ್ಲಿ ಒಪ್ಪಂದವಾಯಿತು. ಕಟ್ಟಿಹಾಕುವ ಷರತ್ತು ಹೋಯಿತು. ಪರಿಹಾರದ ನಿಯಮ ಕ್ರಮೇಣ ಸಡಿಲವಾಯಿತು. ಎಬಿಎಯ ನಾಲ್ಕು ತಂಡಗಳು ಎನ್‌ಬಿಎಗೆ ಬಂದು ಸೇರಿದವು.

ರಾಬರ್ಟ್‌ಸನ್‌ಗೆ ಇದರಿಂದ ಏನು ಸಿಕ್ಕಿತು? ಅವನು 1974ರಲ್ಲೇ ನಿವೃತ್ತನಾಗಿದ್ದ. ತಾನು ಕೇಳಿದ ಸ್ವಾತಂತ್ರ್ಯವನ್ನು ಒಂದು ದಿನವೂ ಅನುಭವಿಸಲಿಲ್ಲ. ಕರಾರು ಮುಗಿಸಿ, ಯಾವ ತಡೆಯೂ ಇಲ್ಲದೆ, ತನಗೆ ಇಷ್ಟ ಬಂದ ತಂಡಕ್ಕೆ ನಡೆದುಹೋದ ಮೊದಲ ಆಟಗಾರ ಟಾಮ್ ಚೇಂಬರ್ಸ್. ಅವನು ಸಿಯಾಟಲ್ ಬಿಟ್ಟು ಫೀನಿಕ್ಸ್‌ಗೆ ಹೋದದ್ದು 1988ರ ಜುಲೈನಲ್ಲಿ. ದಾವೆ ಹೂಡಿದಂದಿನಿಂದ ಅಲ್ಲಿಗೆ 18 ವರ್ಷ. ಈಗ ಪ್ರತಿ ಜುಲೈನಲ್ಲೂ ನಡೆಯುವ ಸಂಭ್ರಮದ ಬೇರು ಅಲ್ಲಿದೆ.

ಮಿತಿಯ ಲೆಕ್ಕ

ಬಾಗಿಲು ತೆರೆದರೆ ಹಣವಂತ ತಂಡಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳುತ್ತವೆ ಎಂದು ಮಾಲೀಕರು ಹೇಳುತ್ತಿದ್ದರು. ಆ ಮಾತಿನಲ್ಲಿ ಸ್ವಾರ್ಥವಿತ್ತು, ಸತ್ಯವೂ ಇತ್ತು. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುವ ಆಟವನ್ನು ಯಾರು ನೋಡುತ್ತಾರೆ? 1983ರಲ್ಲಿ ಮಾಲೀಕರೂ ಆಟಗಾರರ ಸಂಘವೂ ಒಂದು ಒಪ್ಪಂದಕ್ಕೆ ಬಂದರು. ಲೀಗ್‌ನ ವರಮಾನದಲ್ಲಿ ಇಂತಿಷ್ಟು ಪಾಲು ಆಟಗಾರರಿಗೆ ಎಂದು ಖಾತರಿಯಾಯಿತು. ಬದಲಿಗೆ ಒಂದು ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು. ಇದೇ ಸ್ಯಾಲರಿ ಕ್ಯಾಪ್. 1984–85ರಲ್ಲಿ ಅದು ತಂಡಕ್ಕೆ 36 ಲಕ್ಷ ಡಾಲರ್ ಇತ್ತು. 2025–26ರಲ್ಲಿ 15 ಕೋಟಿ 46 ಲಕ್ಷ ಡಾಲರ್.

ಇಲ್ಲೊಂದು ಸೂಕ್ಷ್ಮವಿದೆ. ಮಾಲೀಕರು ತಾವು ತಾವೇ ಕೂಡಿ ಇಂಥ ಮಿತಿ ಹೇರಿದರೆ ಕಾನೂನು ಅದನ್ನು ಅನುಮಾನದಿಂದ ನೋಡುತ್ತದೆ. ಕಾರ್ಮಿಕ ಸಂಘ ಎದುರು ಕುಳಿತು, ಚೌಕಾಸಿ ಮಾಡಿ, ಸಹಿ ಹಾಕಿದರೆ ಅದೇ ಮಿತಿ ನ್ಯಾಯಬದ್ಧ. ಡ್ರಾಫ್ಟ್ ಇವತ್ತಿಗೂ ಉಳಿದಿರುವುದು ಹೀಗೆ. ಆಟಗಾರ ಸ್ವತ್ತಲ್ಲ, ಕರಾರಿನ ಒಬ್ಬ ಪಾಲುಗಾರ ಎಂಬುದು ಈ ಸಹಿಯಲ್ಲಿದೆ. ಚೌಕಾಸಿ ಮುರಿದುಬಿದ್ದಾಗಲೆಲ್ಲ ಬೀಗ ಬಿದ್ದಿದೆ. 1998–99ರ ಋತು ತಂಡಕ್ಕೆ 50 ಪಂದ್ಯಗಳಿಗೆ ಇಳಿಯಿತು, 2011–12ರದು 66ಕ್ಕೆ.

ಮಿತಿ ಇದ್ದ ಮೇಲೆ ಅದರ ವಿನಾಯಿತಿಗಳೂ ಇರಬೇಕಲ್ಲ. ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಮಿತಿ ಮೀರಬಹುದು. ಬಾಸ್ಟನ್ನಿನ ಲ್ಯಾರಿ ಬರ್ಡ್‌ನ ಹೆಸರಿನಿಂದ ಈ ವಿನಾಯಿತಿಯನ್ನು ಕರೆಯುತ್ತಾರೆ. ಮಿತಿ ಮೀರಿದ ತಂಡ ಅದಲು ಬದಲು ಮಾಡುವಾಗ ಕೊಡುವ ಸಂಬಳಕ್ಕೂ ಪಡೆಯುವ ಸಂಬಳಕ್ಕೂ ಹೊಂದಾಣಿಕೆ ಇರಬೇಕು. ಹಾಗಾಗಿಯೇ ದೊಡ್ಡ ಹೆಸರಿನ ಜೊತೆಗೆ ಇಬ್ಬರು ಮೂವರು ಸಣ್ಣ ಹೆಸರಿನವರೂ ಊರು ಬಿಡಬೇಕಾಗುತ್ತದೆ. ಅವರು ಬೇಕೆಂದಲ್ಲ, ತಕ್ಕಡಿ ಸರಿತೂಗಬೇಕೆಂದು. 2023ರ ಒಪ್ಪಂದದ ನಂತರ ನಿಯಮ ಇನ್ನೂ ಬಿಗಿಯಾಗಿದೆ. ಸಂಬಳ ಒಂದು ಮಟ್ಟ ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ. 2024ರಲ್ಲಿ ಪ್ರಶಸ್ತಿ ಗೆದ್ದ ಬಾಸ್ಟನ್ ಮರುವರ್ಷದ ಬೇಸಿಗೆಯಲ್ಲೇ ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೊರ್ಜಿಂಗಿಸ್‌ರನ್ನು ಬಿಟ್ಟುಕೊಟ್ಟದ್ದು ಬಹುಪಾಲು ಈ ಲೆಕ್ಕದಿಂದಲೇ.

ಮಾಲೀಕನ ಕಣ್ಣು

ಈಗ ಅಭಿಮಾನಿಯ ಕಡೆ ಬರೋಣ. ಈ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ ಅಭಿಮಾನಿ ವಾದಕ್ಕೆ ಕುಳಿತಾಗ ಯಾರ ಕುರ್ಚಿಯಲ್ಲಿ ಕೂರುತ್ತಾನೆ ಗಮನಿಸಿ. ಅವನು ದುಡಿದು ತಿನ್ನುವವನು. ಅವನ ಮೇಲೂ ಒಬ್ಬ ಯಜಮಾನನಿದ್ದಾನೆ. ಹೆಚ್ಚು ಸಂಬಳ ಸಿಕ್ಕರೆ ಅವನೂ ಕೆಲಸ ಬದಲಾಯಿಸುತ್ತಾನೆ. ಆದರೆ ತಂಡದ ವಿಷಯ ಬಂದ ಕೂಡಲೇ ಅವನು ಮಾಲೀಕನ ಕಣ್ಣಿನಿಂದ ನೋಡುತ್ತಾನೆ. ಆಟಗಾರ ಅವನ ಬಾಯಲ್ಲಿ ಆಸ್ತಿಯಾಗುತ್ತಾನೆ, ಹೊರೆಯಾಗುತ್ತಾನೆ.

2010ರ ಜುಲೈನಲ್ಲಿ ಲೆಬ್ರಾನ್ ಜೇಮ್ಸ್ ಕರಾರು ಮುಗಿಸಿ ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೊರಟ. ತನ್ನ ಹಕ್ಕನ್ನು ಬಳಸಿದನೇ ಹೊರತು ಯಾವ ಕರಾರನ್ನೂ ಮುರಿಯಲಿಲ್ಲ. ದೂರದರ್ಶನದಲ್ಲಿ ಅದನ್ನು ಮೆರೆದಾಡಿದ್ದು ಅತಿಯಾಯಿತು, ನಿಜ. ಆದರೆ ಊರಿನವರು ಅವನ ಅಂಗಿಗಳನ್ನು ಬೀದಿಯಲ್ಲಿ ಸುಟ್ಟರು. ತಂಡದ ಮಾಲೀಕ ಅವನನ್ನು ದ್ರೋಹಿಯೆಂಬಂತೆ ಜರೆದು ಬಹಿರಂಗ ಪತ್ರ ಬರೆದ. ಆಡಿದ ಮಾತುಗಳಿಗಾಗಿ ಲೀಗ್ ಅವನಿಗೆ ಒಂದು ಲಕ್ಷ ಡಾಲರ್ ದಂಡ ಹಾಕಿತು. ಜೇಮ್ಸ್ 2014ರಲ್ಲಿ ಮರಳಿ ಬಂದು 2016ರಲ್ಲಿ ಅದೇ ಊರಿಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟ ಮೇಲೆ ಸುಟ್ಟವರೇ ಮೆರವಣಿಗೆಯಲ್ಲಿ ಕುಣಿದಿರಬೇಕು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರ ಇಡುತ್ತೇನೆ. 2017ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಐಸಾಯಾ ಥಾಮಸ್‌ನ ತಂಗಿ ಅಪಘಾತದಲ್ಲಿ ತೀರಿಕೊಂಡಳು. ಮರುದಿನ ಅವನು ಕಣ್ಣೊರೆಸಿಕೊಂಡು ತಂಡಕ್ಕಾಗಿ ಆಡಿ 33 ಅಂಕ ಗಳಿಸಿದ. ಸೊಂಟಕ್ಕೆ ಪೆಟ್ಟಾಗುವ ತನಕ ಆಡಿದ. ಆಗಸ್ಟ್‌ನಲ್ಲಿ ತಂಡ ಅವನನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಕೈರಿ ಅರ್ವಿಂಗ್‌ನನ್ನು ತಂದಿತು. ಅನೇಕ ಅಭಿಮಾನಿಗಳು ಮರುಗಿದರು. ಆದರೆ ಬಾಸ್ಟನ್ ದ್ರೋಹ ಮಾಡಿತೆಂದು ಯಾರೂ ಬೀದಿಯಲ್ಲಿ ಬೆಂಕಿ ಹಚ್ಚಲಿಲ್ಲ. ಇದು ವ್ಯವಹಾರ, ಏನು ಮಾಡಲಾದೀತು ಎಂದರು. ತಂಡ ಆಟಗಾರನನ್ನು ಬಿಟ್ಟರೆ ವ್ಯವಹಾರ, ಆಟಗಾರ ತಂಡವನ್ನು ಬಿಟ್ಟರೆ ದ್ರೋಹ ಎನ್ನುವ ಈ ಎರಡು ತೂಕದ ಕಲ್ಲುಗಳನ್ನು ನಾವು ಗುರುತಿಸಬೇಕು.

ಲೆಕ್ಕವಾದರೂ ಗಟ್ಟಿಯೇ ಎಂದರೆ ಅದೂ ಅಲ್ಲ. 2018ರ ಜುಲೈನಲ್ಲಿ ಟೊರಾಂಟೊ ತಂಡ ಒಂಬತ್ತು ವರ್ಷ ತನಗಾಗಿ ಆಡಿದ, ಆ ಊರನ್ನು ತನ್ನದೆಂದುಕೊಂಡಿದ್ದ ಡೆಮಾರ್ ಡಿರೋಜನ್‌ನನ್ನು ಕೊಟ್ಟು ಕವಾಯ್ ಲೆನರ್ಡ್‌ನನ್ನು ಪಡೆಯಿತು. 2019ರಲ್ಲಿ ಪ್ರಶಸ್ತಿ ಗೆದ್ದಿತು. ಪ್ರಶಸ್ತಿ ಗೆದ್ದ ಕೆಲವೇ ವಾರಗಳಲ್ಲಿ ಲೆನರ್ಡ್ ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ಸೇರಿದ. ಅವನ ಜೊತೆಗೆ ಪಾಲ್ ಜಾರ್ಜ್‌ನನ್ನೂ ತರಲು ಕ್ಲಿಪ್ಪರ್ಸ್ ಒಕ್ಲಹೋಮಾ ಸಿಟಿ ತಂಡಕ್ಕೆ ಐದು ಡ್ರಾಫ್ಟ್ ಸರದಿಗಳ ಜೊತೆಗೆ ಶೈ ಗಿಲ್ಜಸ್ ಅಲೆಕ್ಸಾಂಡರ್ ಎಂಬ ಹುಡುಗನನ್ನೂ ಕೊಟ್ಟಿತು. ಆ ಬೇಸಿಗೆಯ ವಾದಗಳಲ್ಲಿ ಕ್ಲಿಪ್ಪರ್ಸ್ ಪ್ರಶಸ್ತಿಗೆ ಹತ್ತಿರದ ತಂಡವೆಂದು ಹೇಳಿದವರು ಬಹಳ. 2025ರ ಜೂನ್‌ನಲ್ಲಿ ಪ್ರಶಸ್ತಿ ಗೆದ್ದದ್ದು ಒಕ್ಲಹೋಮಾ ಸಿಟಿ. ಆ ವರ್ಷದ ಶ್ರೇಷ್ಠ ಆಟಗಾರ, ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಎರಡೂ ಅದೇ ಗಿಲ್ಜಸ್ ಅಲೆಕ್ಸಾಂಡರ್. ಆ ಸರದಿಗಳಲ್ಲೊಂದರಿಂದ ಬಂದ ಜೇಲನ್ ವಿಲಿಯಮ್ಸ್ ಅವನ ಪಕ್ಕದಲ್ಲಿದ್ದ.

ಅಭಿಮಾನಿಯ ಪಾಲು

ಹಾಗಾದರೆ ಅಭಿಮಾನಿಯ ಕೋಪವೆಲ್ಲ ಸುಳ್ಳೇ? ಹಾಗೆ ಹೇಳಿ ಕೈತೊಳೆದುಕೊಳ್ಳಲಾರೆ. ಒಕ್ಲಹೋಮಾ ಸಿಟಿಯ ಆ ತಂಡ ಎಲ್ಲಿಂದ ಬಂತು? ಹೇವುಡ್‌ನ ಪರವಾಗಿ ಸುಪ್ರೀಂ ಕೋರ್ಟ್ ತನಕ ಹೋದ ಸಿಯಾಟಲ್ ತಂಡವೇ ಅದು. 1967ರಿಂದ 41 ಋತುಗಳನ್ನು ಸಿಯಾಟಲ್‌ನಲ್ಲಿ ಆಡಿತ್ತು. 1979ರಲ್ಲಿ ಪ್ರಶಸ್ತಿ ಗೆದ್ದಿತ್ತು. ಹೊಸ ಮಾಲೀಕರು 2008ರಲ್ಲಿ ಇಡೀ ತಂಡವನ್ನೇ ಕಿತ್ತು ಒಕ್ಲಹೋಮಾಕ್ಕೆ ಒಯ್ದರು. ಅಪ್ಪನ ಕೈಹಿಡಿದು ಪಂದ್ಯಕ್ಕೆ ಹೋದ ಮಗ ತನ್ನ ಮಗನನ್ನು ಕರೆದೊಯ್ಯಲು ತಂಡವಿಲ್ಲದಂತಾಯಿತು. ಆಟಗಾರನಿಗೆ ಸಂಘವಿದೆ, ಮಾಲೀಕನಿಗೆ ಲೀಗ್ ಇದೆ. ಕರಾರಿನ ಯಾವ ಪುಟದಲ್ಲೂ ಅಭಿಮಾನಿಯ ಸಹಿಗೆ ಜಾಗವಿಲ್ಲ.

ಡಲಾಸ್ ನಗರ ಇದನ್ನು 2025ರ ಫೆಬ್ರುವರಿಯಲ್ಲಿ ಕಂಡಿತು. ಹಿಂದಿನ ವರ್ಷ ತಂಡವನ್ನು ಅಂತಿಮ ಸರಣಿಗೆ ಮುಟ್ಟಿಸಿದ್ದ, ಇನ್ನೂ 25 ವರ್ಷದ ಲೂಕಾ ಡಾನ್ಚಿಚ್‌ನನ್ನು ತಂಡದ ಆಡಳಿತ ಒಂದು ರಾತ್ರಿ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟಿತು. ಬಂದದ್ದು ಆ್ಯಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಒಂದು ಸರದಿ. ಡಾನ್ಚಿಚ್ ಕೇಳಿರಲಿಲ್ಲ. ಊರಿಗೂ ಗೊತ್ತಿರಲಿಲ್ಲ. ಇಪ್ಪತ್ತೊಂದು ಋತು ಅದೇ ತಂಡಕ್ಕೆ ಆಡಿದ ಡರ್ಕ್ ನೊವಿಟ್‌ಸ್ಕಿಯ ಪ್ರತಿಮೆಯ ಬುಡದಲ್ಲಿ ಜನ ಹೂವಿಟ್ಟರು, ಶವಪೆಟ್ಟಿಗೆ ತಂದಿಟ್ಟು ಶೋಕ ಆಚರಿಸಿದರು. ಡಲಾಸ್‌ನಲ್ಲೇ ಉಳಿದಿದ್ದರೆ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್‌ನ ಕರಾರಿಗೆ ಡಾನ್ಚಿಚ್ ಅರ್ಹನಾಗುತ್ತಿದ್ದ. ತಂಡ ಬದಲಾದದ್ದರಿಂದ ಆ ಅರ್ಹತೆಯೇ ತಪ್ಪಿತು. ಏಪ್ರಿಲ್‌ನಲ್ಲಿ ಎದುರಾಳಿಯಾಗಿ ಆ ಅಂಗಳಕ್ಕೆ ಮರಳಿದಾಗ ಹಳೆಯ ಚಿತ್ರಗಳನ್ನು ತೋರಿಸಿದರು. ಅವನು ಅತ್ತ. ಆಮೇಲೆ 45 ಅಂಕ ಗಳಿಸಿದ. ಈ ಅದಲು ಬದಲು ಮಾಡಿದ ಅಧಿಕಾರಿಯನ್ನು ಅದೇ ವರ್ಷದ ನವೆಂಬರ್‌ನಲ್ಲಿ ತೆಗೆದುಹಾಕಲಾಯಿತು.

ನನಗೆ ಇಲ್ಲಿ ಮುಖ್ಯವೆನಿಸುವುದು ಡಲಾಸ್‌ನ ಜನ ಅಂದು ಯಾರ ಪಕ್ಷ ವಹಿಸಿದರು ಎಂಬುದು. ಅವರು ಮಾಲೀಕನ ಕುರ್ಚಿಯಿಂದ ಎದ್ದುಬಂದು ಆಟಗಾರನ ಪಕ್ಕ ನಿಂತಿದ್ದರು. ಸಂಬಳದ ಮಿತಿ, ಮೈತೂಕ, ರಕ್ಷಣಾತ್ಮಕ ಆಟ ಎಂದು ಆಡಳಿತ ಕೊಟ್ಟ ಕಾರಣಗಳು, ಎದ್ದ ಊಹೆಗಳು ಯಾವುವೂ ಅವರನ್ನು ಸಮಾಧಾನಪಡಿಸಲಿಲ್ಲ. ತಮ್ಮನ್ನೂ ಅವನನ್ನೂ ಒಂದೇ ರೀತಿ ಕೇಳದೆ ಬಿಟ್ಟರು ಎಂಬುದು ಅವರಿಗೆ ಅರ್ಥವಾಗಿತ್ತು.

ಇದು ದೂರದ ದೇಶದ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ಊರಿನ ಹೆಸರು ಹೊತ್ತ, ಖಾಸಗಿ ಮಾಲೀಕರ ತಂಡಗಳೆಂಬ ಈ ಮಾದರಿ 2008ರಲ್ಲಿ ಐಪಿಎಲ್ ರೂಪದಲ್ಲಿ ನಮ್ಮಲ್ಲಿಗೂ ಬಂತು. ಅಲ್ಲಿ ಆಟಗಾರನ ಹೆಸರು ಹರಾಜಿಗೇ ಬರುತ್ತದೆ. 2011ರ ಹರಾಜು ನಡೆದದ್ದು ಬೆಂಗಳೂರಿನಲ್ಲೇ. ಮೊದಲ ಮೂರು ವರ್ಷ ಬೆಂಗಳೂರಿಗೆ ಆಡಿದ್ದ ರಾಹುಲ್ ದ್ರಾವಿಡ್ ತನ್ನ ಊರಿನಲ್ಲಿ ನಡೆದ ಆ ಹರಾಜಿನಲ್ಲಿ ರಾಜಸ್ಥಾನದ ಪಾಲಾದರು. ಅಂದು ನಮ್ಮಲ್ಲಿ ಎಷ್ಟೋ ಮಂದಿಗೆ ಆದ ಕಸಿವಿಸಿ ಡಲಾಸ್‌ನವರಿಗೆ ಆದದ್ದಕ್ಕಿಂತ ಬೇರೆ ಜಾತಿಯದಲ್ಲ.

ಕೊನೆಯದಾಗಿ ಒಬ್ಬ ಮನುಷ್ಯನನ್ನು ನೆನೆದು ಮುಗಿಸುತ್ತೇನೆ. 1975ರಲ್ಲಿ ಮಿಲ್ವಾಕಿಯ ಮಹಾನ್ ಆಟಗಾರ ಕರೀಂ ಅಬ್ದುಲ್ ಜಬ್ಬಾರ್ ಲಾಸ್ ಏಂಜಲೀಸ್‌ಗೆ ಹೋದ. ಬದಲಿಗೆ ಮಿಲ್ವಾಕಿಗೆ ಬಂದ ನಾಲ್ವರಲ್ಲಿ ಜೂನಿಯರ್ ಬ್ರಿಡ್ಜ್‌ಮನ್ ಎಂಬ ಹುಡುಗನಿದ್ದ. ಲೇಕರ್ಸ್ ಅವನನ್ನು ಡ್ರಾಫ್ಟ್‌ನಲ್ಲಿ ಆರಿಸಿ ವಾರಗಳಾಗಿತ್ತಷ್ಟೆ. ಅಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಅವನು ಮಿಲ್ವಾಕಿಯಲ್ಲಿ ವರ್ಷಗಟ್ಟಲೆ ಆಡಿದ, ನಿವೃತ್ತನಾದ ಮೇಲೆ ಉಪಾಹಾರ ಮಂದಿರಗಳ ವ್ಯಾಪಾರ ಬೆಳೆಸಿದ. 2024ರಲ್ಲಿ ಮಿಲ್ವಾಕಿ ತಂಡದ ಶೇಕಡ 10ರಷ್ಟು ಪಾಲನ್ನು ಕೊಂಡ. ತಕ್ಕಡಿಗೆ ಹಾಕಿದ ನಾಲ್ಕು ಹೆಸರುಗಳಲ್ಲಿ ಒಂದಾಗಿದ್ದವನು ತಕ್ಕಡಿ ಹಿಡಿಯುವವರ ಸಾಲಿಗೆ ಸೇರಿದ. ಮರುವರ್ಷದ ಮಾರ್ಚ್‌ನಲ್ಲಿ ತೀರಿಕೊಂಡ.

ಮುಂದಿನ ಜುಲೈನಲ್ಲಿ ಮತ್ತೆ ಪಟ್ಟಿಗಳು ಬರುತ್ತವೆ. ಯಾರಿಗೆ ಯಾರು, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ ಎಂದು. ವಾದ ಮಾಡೋಣ, ಅದರಲ್ಲಿ ಸುಖವಿದೆ. ಪಟ್ಟಿಯ ಕೊನೆಯಲ್ಲಿರುವ, ನಮಗೆ ಪರಿಚಯವಿಲ್ಲದ ಆ ಸಣ್ಣ ಹೆಸರಿನವನೂ ಮನೆ ಖಾಲಿ ಮಾಡಿ, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಬೇಕಾದವನು ಎಂಬುದು ವಾದದ ನಡುವೆ ಒಮ್ಮೆ ನೆನಪಾದರೆ ಸಾಕು.